ಗ್ಯಾಸ್ ಖಾಲಿಯಾಗುವುದಿಲ್ಲ, ಸೋರುತ್ತದೆ

ಏಪ್ರಿಲ್ ಮೊದಲ ವಾರದಿಂದ ಮುಂಗಾರಿನ ಮೊದಲ ಮಳೆ ಬೀಳುವವರೆಗೆ ನನಗೆ ಬರುವ ಕರೆಗಳಲ್ಲಿ ಹೆಚ್ಚಿನವು ಒಂದೇ ಮಾತಿನಿಂದ ಆರಂಭವಾಗುತ್ತವೆ: "ಎಸಿ ತಣ್ಣಗ ಆಗವಲ್ದ್ರೀ, ಗ್ಯಾಸ್ ಖಾಲಿ ಆಗ್ಯಾದ, ಬಂದು ಹಾಕಿ ಹೋಗ್ರಿ." ಕಲಬುರಗಿಯಲ್ಲಿ ಬೇಸಿಗೆಯ ತಾಪಮಾನ 42–43 ಡಿಗ್ರಿ ಮುಟ್ಟುವುದು ಹೊಸದಲ್ಲ, ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ ಸರ್ಕಾರಿ ಕಚೇರಿಗಳೇ ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1:30ಕ್ಕೆ ಮುಚ್ಚುವ ಊರು ಇದು. ಅಂಥ ದಿನಗಳಲ್ಲಿ ಎಸಿ ಕೆಟ್ಟರೆ ಮನೆಯವರಿಗೆ ತಾಳ್ಮೆ ಉಳಿಯುವುದಿಲ್ಲ ಎಂಬುದು ನನಗೆ ಅರ್ಥವಾಗುತ್ತದೆ. ಅರ್ಥವಾಗದಿರುವುದು ಎಂದರೆ, ಯಂತ್ರವನ್ನು ಯಾರೂ ತೆರೆದು ನೋಡುವ ಮೊದಲೇ ಗ್ಯಾಸ್ ಖಾಲಿಯಾಗಿದೆ ಎಂಬ ತೀರ್ಮಾನಕ್ಕೆ ಎಲ್ಲರೂ ಅಷ್ಟು ಖಚಿತವಾಗಿ ಬರುವುದು ಹೇಗೆ ಎಂಬುದು.

ಎಸಿಯೊಳಗಿನ ಗ್ಯಾಸ್ ಪೆಟ್ರೋಲಿನಂತೆ ಉರಿದು ಮುಗಿಯುವ ವಸ್ತುವಲ್ಲ. ಅದು ಮುಚ್ಚಿದ ತಾಮ್ರದ ಕೊಳವೆಯೊಳಗೆ ಸುತ್ತುತ್ತಲೇ ಇರುತ್ತದೆ. ಕೋಣೆಯೊಳಗಿನ ಕಾಯಿಲ್‌ನಲ್ಲಿ ಕಡಿಮೆ ಒತ್ತಡದಲ್ಲಿ ಕುದಿಯುತ್ತ ಅದು ಕೋಣೆಯ ಶಾಖವನ್ನು ಹೀರಿಕೊಳ್ಳುತ್ತದೆ. ಹೊರಗಿನ ಪೆಟ್ಟಿಗೆಯಲ್ಲಿರುವ ಕಂಪ್ರೆಸರ್ ಅದನ್ನು ಅದುಮಿ ಬಿಸಿ ಮಾಡುತ್ತದೆ. ಅಲ್ಲಿನ ಕಾಯಿಲ್‌ನಲ್ಲಿ ಅದು ಆ ಶಾಖವನ್ನು ಹೊರಗಿನ ಗಾಳಿಗೆ ಬಿಟ್ಟುಕೊಟ್ಟು ದ್ರವವಾಗುತ್ತದೆ. ಸಣ್ಣ ದಾರಿಯೊಂದರಲ್ಲಿ ನುಸುಳಿ ಒತ್ತಡ ಕಳೆದುಕೊಂಡು ಮತ್ತೆ ಕೋಣೆಯ ಕಾಯಿಲ್‌ಗೆ ಬರುತ್ತದೆ. ಈ ಸುತ್ತಿನಲ್ಲಿ ಎಲ್ಲಿಯೂ ಅದು ವ್ಯಯವಾಗುವ ಜಾಗವಿಲ್ಲ. ಕೀಲುಗಳು ಗಟ್ಟಿಯಾಗಿದ್ದರೆ ಕಾರ್ಖಾನೆಯಲ್ಲಿ ತುಂಬಿದ ಗ್ಯಾಸಿನಲ್ಲಿಯೇ ಯಂತ್ರ ತನ್ನ ಆಯುಷ್ಯವಿಡೀ ಓಡಬೇಕು. ನಂಬಿಕೆಯಾಗದವರಿಗೆ ನಾನು ಕೇಳುವ ಪ್ರಶ್ನೆ ಇಷ್ಟೇ: ನಿಮ್ಮ ಅಡುಗೆಮನೆಯ ಫ್ರಿಜ್‌ನಲ್ಲಿಯೂ ಇದೇ ಕೆಲಸ ಹಗಲು ರಾತ್ರಿ ನಡೆಯುತ್ತಿದೆ, ಅದಕ್ಕೆ ಪ್ರತಿ ಬೇಸಿಗೆ ಗ್ಯಾಸ್ ಹಾಕಿಸುತ್ತೀರಾ?

ಹಾಗಿದ್ದರೆ ಎಸಿಯಲ್ಲಿ ಮಾತ್ರ ಗ್ಯಾಸ್ ಕಡಿಮೆಯಾಗುವುದು ಏಕೆ ಎಂದು ಜಾಣರು ಮರುಪ್ರಶ್ನೆ ಹಾಕುತ್ತಾರೆ, ಮತ್ತು ಆ ಪ್ರಶ್ನೆ ನನಗೆ ಇಷ್ಟ. ಫ್ರಿಜ್‌ನ ಕೊಳವೆಗಳೆಲ್ಲ ಕಾರ್ಖಾನೆಯಲ್ಲಿಯೇ ಬೆಸುಗೆಯಾಗಿ ಬಂದಿರುತ್ತವೆ. ಸ್ಪ್ಲಿಟ್ ಎಸಿಯ ಒಳ ಪೆಟ್ಟಿಗೆ ಮತ್ತು ಹೊರ ಪೆಟ್ಟಿಗೆಗಳನ್ನು ಜೋಡಿಸುವುದು ನಿಮ್ಮ ಮನೆಯಲ್ಲಿ, ಏಣಿಯ ಮೇಲೆ ನಿಂತು, ಕೊಳವೆಯ ತುದಿಯನ್ನು ಅಗಲಿಸಿ ಫ್ಲೇರ್ ನಟ್ ಬಿಗಿದು. ಸಾಮಾನ್ಯವಾಗಿ ಒಳಗೆ ಎರಡು, ಹೊರಗೆ ಎರಡು, ಒಟ್ಟು 4 ಕೀಲುಗಳು. ಅಗಲಿಸಿದ ಅಂಚಿನಲ್ಲಿ ಒಂದು ಗೀರು ಉಳಿದಿದ್ದರೆ, ನಟ್ ಅನ್ನು ಅಂದಾಜಿನಲ್ಲಿ ಕಡಿಮೆ ಬಿಗಿದಿದ್ದರೆ ಅಥವಾ ಉತ್ಸಾಹದಿಂದ ಹೆಚ್ಚು ಬಿಗಿದು ಸೀಳಿದ್ದರೆ, ಗ್ಯಾಸ್ ತಿಂಗಳುಗಟ್ಟಲೆ ಸದ್ದಿಲ್ಲದೆ ಸೋರುತ್ತದೆ. ಚಳಿಗಾಲದಲ್ಲಿ ಯಂತ್ರವನ್ನು ಯಾರೂ ಹಚ್ಚುವುದಿಲ್ಲವಾದ್ದರಿಂದ ಅದು ತಿಳಿಯುವುದು ಯುಗಾದಿಯ ಹೊತ್ತಿಗೆ. ಕೆಲವೊಮ್ಮೆ ಸೋರಿಕೆ ಒಳ ಕಾಯಿಲ್‌ನ ಸೂಜಿಮೊನೆಯಷ್ಟು ತೂತಿನಲ್ಲಿರುತ್ತದೆ. ಕೆಲವೊಮ್ಮೆ ಹೊರ ಪೆಟ್ಟಿಗೆಯಲ್ಲಿ ಎರಡು ಕೊಳವೆಗಳು ಕಂಪನಕ್ಕೆ ಪರಸ್ಪರ ಉಜ್ಜಿ ಸವೆದಿರುತ್ತವೆ.

ಜೇವರ್ಗಿ ರಸ್ತೆಯ ಕಡೆಯ ನಿವೃತ್ತ ಶಿಕ್ಷಕರೊಬ್ಬರು ಮನೆಯ ಖರ್ಚಿನ ಪ್ರತಿಯೊಂದು ಚೀಟಿಯನ್ನೂ ತಂತಿಗೆ ಪೋಣಿಸಿ ಇಡುವವರು. ಅವರ ತಂತಿಯಲ್ಲಿ ಪ್ರತಿ ಬೇಸಿಗೆಯದೂ ಒಂದೊಂದು ಗ್ಯಾಸ್ ಚೀಟಿ ಇತ್ತು, ಪ್ರತಿಯೊಂದೂ ಕೆಲವು ಸಾವಿರ ರೂಪಾಯಿಗಳದು. ಒಂದರಲ್ಲಿಯೂ ಎಷ್ಟು ಗ್ರಾಂ ಹಾಕಲಾಯಿತು, ಸೋರಿಕೆ ಎಲ್ಲಿತ್ತು ಎಂಬ ಮಾತಿರಲಿಲ್ಲ. "ಸರ್ವಿಸ್ ತಪ್ಪಿಸಿಲ್ಲ ನೋಡ್ರಿ ನಾ" ಎಂದು ಅವರು ಹೆಮ್ಮೆಯಿಂದ ಹೇಳಿದಾಗ ನನಗೆ ಏನು ಉತ್ತರಿಸಬೇಕೆಂದು ತಿಳಿಯಲಿಲ್ಲ. ಸೋರುತ್ತಿದ್ದುದು ಗೋಡೆಯ ಹಿಂದೆ, ಒಳ ಪೆಟ್ಟಿಗೆಯ ಬೆನ್ನಿಗೆ ಟೇಪ್ ಸುತ್ತಿ ಅಡಗಿಸಿದ್ದ ಒಂದು ಫ್ಲೇರ್ ಕೀಲು. ಟೇಪ್ ಬಿಚ್ಚಿದಾಗ ಅದರೊಳಗೆಲ್ಲ ಎಣ್ಣೆಯ ಜಿಡ್ಡು ಇತ್ತು. ಗ್ಯಾಸಿನೊಂದಿಗೆ ಕಂಪ್ರೆಸರ್ ಎಣ್ಣೆಯೂ ಸ್ವಲ್ಪ ಹೊರಬರುವುದರಿಂದ, ಜಿಡ್ಡು ಇರುವ ಕಡೆ ಸೋರಿಕೆಯನ್ನು ಹುಡುಕುವುದು ನಮ್ಮ ಕಸುಬಿನ ಮೊದಲ ಪಾಠ. ಆ ಟೇಪನ್ನು ಅಷ್ಟು ವರ್ಷ ಯಾರೂ ಬಿಚ್ಚಿರಲಿಲ್ಲ, ಅಷ್ಟೇ.

"ಮೀಟರ್ ಹಚ್ಚಿ ತೋರಿಸಿದ್ರಲ್ರೀ, ಗ್ಯಾಸ್ ಕಡಿಮಿ ಇತ್ತು" ಎನ್ನುವವರಿಗೆ ಇನ್ನೊಂದು ಮಾತು ಹೇಳಬೇಕು. ಕಂಪ್ರೆಸರ್ ನಿಂತಿರುವಾಗ ಗೇಜ್ ತೋರಿಸುವ ಒತ್ತಡ ಮುಖ್ಯವಾಗಿ ಆ ಹೊತ್ತಿನ ತಾಪಮಾನವನ್ನು ಹೇಳುತ್ತದೆಯೇ ಹೊರತು ಗ್ಯಾಸಿನ ಪ್ರಮಾಣವನ್ನಲ್ಲ. ಒಳಗೆ ಸ್ವಲ್ಪ ದ್ರವ ಉಳಿದಿದ್ದರೂ ಪೂರ್ತಿ ಇದ್ದರೂ ಮುಳ್ಳು ಹೆಚ್ಚುಕಡಿಮೆ ಒಂದೇ ಕಡೆ ನಿಲ್ಲುತ್ತದೆ. ಯಂತ್ರ ಓಡುತ್ತಿರುವಾಗಲೂ ಒತ್ತಡ ಇಳಿಯಲು ಗ್ಯಾಸಿನ ಕೊರತೆಯೊಂದೇ ಕಾರಣವಲ್ಲ. ಧೂಳು ತುಂಬಿದ ಫಿಲ್ಟರ್‌ನಿಂದ ಒಳ ಕಾಯಿಲ್‌ಗೆ ಗಾಳಿ ಸಿಗದಿದ್ದಾಗಲೂ ಒತ್ತಡ ಇಳಿಯುತ್ತದೆ, ಕಾಯಿಲ್ ಮೇಲೆ ಹಿಮ ಕಟ್ಟುತ್ತದೆ. ಹಿಮ ಕಂಡ ಕೂಡಲೇ ಗ್ಯಾಸ್ ಎಂದು ಕೂಗುವ ಮೊದಲು ಫಿಲ್ಟರ್ ತೆಗೆದು ತೊಳೆದು, ಹಿಮ ಪೂರ್ತಿ ಕರಗುವವರೆಗೆ ಬರೀ ಫ್ಯಾನ್ ಓಡಿಸಿ ನೋಡುವುದು ಮನೆಯವರೇ ಮಾಡಬಹುದಾದ ಕೆಲಸ.

ನಮ್ಮ ಭಾಗದಲ್ಲಿ ಧೂಳು ಸಣ್ಣ ವಿಷಯವಲ್ಲ. ತೊಗರಿ ಬೇಳೆ ಮಿಲ್ಲುಗಳ ಸುತ್ತಮುತ್ತ ಹೊಟ್ಟಿನ ಪುಡಿ, ವಾಡಿ, ಸೇಡಂ ಕಡೆ ಸಿಮೆಂಟಿನ ಪುಡಿ, ಶಹಾಬಾದ ಕಡೆ ಕಲ್ಲಿನ ಪುಡಿ ಹೊರ ಪೆಟ್ಟಿಗೆಯ ಕಾಯಿಲ್‌ಗೆ ಕಂಬಳಿ ಹೊದಿಸಿಬಿಡುತ್ತವೆ. ಇದರ ಮೇಲೆ ಪಾರಿವಾಳದ ಕಾಟಕ್ಕೆಂದು ಪೆಟ್ಟಿಗೆಯ ಸುತ್ತ ತಗಡು ಬಡಿದು, ಬಿಸಿಗಾಳಿ ಅಲ್ಲಿಯೇ ಸುತ್ತುವಂತೆ ಮಾಡುವವರಿದ್ದಾರೆ. ಇಂಥ ಮನೆಗಳ ದೂರು ಯಾವಾಗಲೂ ಒಂದೇ ಬಗೆಯದು: ಬೆಳಿಗ್ಗೆ ತಣ್ಣಗಾಗುತ್ತದೆ, ರಾತ್ರಿ ತಣ್ಣಗಾಗುತ್ತದೆ, ಮಧ್ಯಾಹ್ನ ಎರಡರಿಂದ ಐದರವರೆಗೆ ಕಂಪ್ರೆಸರ್ ನಿಂತು ನಿಂತು ಹೊರಡುತ್ತದೆ. ಗ್ಯಾಸ್ ಕಡಿಮೆಯಾಗಿದ್ದರೆ ಅದು ರಾತ್ರಿಯೂ ಕಡಿಮೆಯೇ ಇರಬೇಕಲ್ಲವೇ? ಶಾಖ ಬಿಡಲಾಗದೆ ಒತ್ತಡ ಏರಿ ರಕ್ಷಣಾ ಸ್ವಿಚ್ ಬೀಳುತ್ತಿರುವ ಯಂತ್ರಕ್ಕೆ ಯಾರಾದರೂ ಇನ್ನಷ್ಟು ಗ್ಯಾಸ್ ತುಂಬಿದರೆ ಒತ್ತಡ ಮತ್ತೂ ಏರುತ್ತದೆ, ಮತ್ತು ಮುಂದಿನ ವಾರ ಅದು ಕಂಪ್ರೆಸರ್ ಬದಲಿಸುವ ಮಾತಿಗೆ ಬರುತ್ತದೆ. ಎಸಿಯ ಮೇಲೆ ಬರೆದ ಟನ್‌ಗಳ ಲೆಕ್ಕ ಹೊರಗಿನ ತಾಪಮಾನ 35 ಡಿಗ್ರಿ ಇರುವಾಗಿನ ಪರೀಕ್ಷೆಯದು ಎಂಬುದನ್ನೂ ನೆನಪಿಡಬೇಕು. 43 ಡಿಗ್ರಿಯಲ್ಲಿ ಆರೋಗ್ಯವಾಗಿರುವ ಯಂತ್ರವೂ ಅಷ್ಟು ತಂಪು ಕೊಡಲಾರದು. ರಿಮೋಟ್‌ನಲ್ಲಿ 16 ಒತ್ತಿದರೆ ಅದಕ್ಕೆ ಇಲ್ಲದ ಶಕ್ತಿ ಬರುವುದಿಲ್ಲ.

ಕಂಪ್ರೆಸರ್ ಹೊರಡದೆ ಗುಂಯ್ ಎಂದು ಸದ್ದು ಮಾಡಿ ನಿಂತರೆ, ಇನ್ವರ್ಟರ್ ಅಲ್ಲದ ಯಂತ್ರಗಳಲ್ಲಿ ನಾನು ಮೊದಲು ನೋಡುವುದು ಕೆಪಾಸಿಟರ್ ಅನ್ನು, ಅಂದರೆ ಕಂಪ್ರೆಸರ್ ಹೊರಡಲು ಬೇಕಾದ ನೂಕು ಕೊಡುವ ಸಣ್ಣ ಭಾಗವನ್ನು. ಬಿಸಿಲಿಗೆ ಸಾಯುವ ಭಾಗಗಳಲ್ಲಿ ಅದು ಮುಂಚೂಣಿಯಲ್ಲಿದೆ, ಬೆಲೆ ಕೆಲವು ನೂರು ರೂಪಾಯಿ. ವಿದ್ಯುತ್ ತೆಗೆದ ಮೇಲೂ ಅದರಲ್ಲಿ ಶಾಕ್ ಉಳಿದಿರಬಹುದಾದ್ದರಿಂದ ಮನೆಯವರು ಅದನ್ನು ಮುಟ್ಟಕೂಡದು.

ಗ್ಯಾಸ್ ನಿಜವಾಗಿಯೂ ಕಡಿಮೆಯಾಗಿದೆ ಎಂದಿಟ್ಟುಕೊಳ್ಳೋಣ. ಸರಿಯಾದ ಕೆಲಸಕ್ಕೆ ಹೊತ್ತು ಬೇಕು. ಕೊಳವೆಗೆ ಒಣ ನೈಟ್ರೋಜನ್ ತುಂಬಿ ಒತ್ತಡ ಕೊಟ್ಟು, ಪ್ರತಿ ಕೀಲಿಗೂ ಸೋಪಿನ ನೀರು ಹಚ್ಚಿ ಗುಳ್ಳೆ ನೋಡಬೇಕು. ಸೋರಿಕೆ ತೀರ ಸಣ್ಣದಾಗಿದ್ದರೆ ಒತ್ತಡ ಇಳಿಯುತ್ತದೆಯೇ ಎಂದು ಗಂಟೆಗಟ್ಟಲೆ, ಕೆಲವೊಮ್ಮೆ ರಾತ್ರಿಯಿಡೀ, ಕಾಯಬೇಕು. ಸೋರಿಕೆ ಮುಚ್ಚಿದ ಮೇಲೆ ವ್ಯಾಕ್ಯೂಮ್ ಪಂಪ್‌ನಿಂದ ಒಳಗಿನ ಗಾಳಿ ಮತ್ತು ತೇವವನ್ನು ತೆಗೆದು, ಹೊರ ಪೆಟ್ಟಿಗೆಯ ಫಲಕದಲ್ಲಿ ಬರೆದಷ್ಟೇ ತೂಕದ, ಬರೆದಂಥದೇ ಗ್ಯಾಸನ್ನು ತಕ್ಕಡಿಯಲ್ಲಿ ತೂಗಿ ತುಂಬಬೇಕು. ಆರ್-32 ಎಂದು ಬರೆದಿರುವಲ್ಲಿ ಆರ್-22 ಹಾಕುವುದು ಯಂತ್ರವನ್ನು ಕೊಲ್ಲುವ ದಾರಿ. ವೆಲ್ಡಿಂಗಿನ ಆಕ್ಸಿಜನ್ ಸಿಲಿಂಡರ್ ತಂದು ಕೊಳವೆಗೆ ಒತ್ತಡ ಕೊಡಲು ಯಾರಾದರೂ ಹೊರಟರೆ ತಡೆಯಿರಿ. ಕಂಪ್ರೆಸರ್ ಎಣ್ಣೆಯೊಂದಿಗೆ ಒತ್ತಡದ ಆಕ್ಸಿಜನ್ ಸೇರಿದರೆ ಸ್ಫೋಟವಾಗುತ್ತದೆ. ಆರ್-32 ಅಲ್ಪ ಪ್ರಮಾಣದಲ್ಲಿ ಹೊತ್ತಿಕೊಳ್ಳುವ ಗುಣದ್ದಾದ್ದರಿಂದ ಬೆಸುಗೆಯ ಕೆಲಸ ನಡೆಯುವಾಗ ಕಿಟಕಿಗಳು ತೆರೆದಿರಲಿ.

ಮೇ ತಿಂಗಳಲ್ಲಿ ಇದಾವುದೂ ನಡೆಯದಿರುವುದಕ್ಕೆ ಮೆಕ್ಯಾನಿಕ್‌ನ ಮೋಸವೊಂದೇ ಕಾರಣ ಎಂದು ನಾನು ಹೇಳಲಾರೆ. ಅವನ ಮುಂದೆ ಆ ದಿನ ಇನ್ನೂ ಎಷ್ಟೋ ಮನೆಗಳಿರುತ್ತವೆ, ನಿಮಗೆ ಈ ರಾತ್ರಿಯೇ ನಿದ್ದೆ ಬರಬೇಕಾಗಿರುತ್ತದೆ, ಅರ್ಧ ಗಂಟೆಯಲ್ಲಿ ಗ್ಯಾಸ್ ತುಂಬಿ ಹೋದರೆ ಇಬ್ಬರಿಗೂ ಆ ಹೊತ್ತಿಗೆ ಸಮಾಧಾನ. ಆದ್ದರಿಂದ ಎರಡು ಮೂರು ರಾತ್ರಿಗಳನ್ನು ಎಸಿಯಿಲ್ಲದೆ ಕಳೆಯುವ ಏರ್ಪಾಡು ನಿಮ್ಮಲ್ಲಿದ್ದರೆ ಮಾತ್ರ, "ಅವಸರ ಬೇಡ, ಲೀಕೇಜ್ ಹುಡುಕಿ ಮುಚ್ಚಿದ ಮೇಲೆಯೇ ಗ್ಯಾಸ್ ಹಾಕ್ರಿ" ಎಂದು ಹೇಳುವ ಧೈರ್ಯ ನಿಮಗೆ ಬರುತ್ತದೆ.

ಆ ಏರ್ಪಾಡಿನಲ್ಲಿ ಮೊದಲನೆಯದು ಏರ್ ಕೂಲರ್, ಮತ್ತು ಅದರ ವಿಷಯದಲ್ಲಿಯೂ ಜನ ಎಸಿಯ ಅಭ್ಯಾಸದಿಂದ ಕಿಟಕಿ ಬಾಗಿಲು ಮುಚ್ಚಿಕೊಂಡು ಕೂರುತ್ತಾರೆ. ಕೂಲರ್ ನೀರನ್ನು ಆವಿ ಮಾಡಿ ಗಾಳಿಯನ್ನು ತಂಪಾಗಿಸುತ್ತದೆ. ಆ ತೇವದ ಗಾಳಿ ಹೊರಹೋಗಲು ಎದುರಿನ ಕಿಟಕಿ ತೆರೆದಿರಬೇಕು, ಇಲ್ಲದಿದ್ದರೆ ಸ್ವಲ್ಪ ಹೊತ್ತಿನಲ್ಲಿ ಕೋಣೆ ಸೆಖೆಗೂಡಾಗುತ್ತದೆ. ಕೂಲರ್ ಅನ್ನು ಹೊರಗಿನ ಒಣ ಗಾಳಿ ಎಳೆಯುವಂತೆ ಕಿಟಕಿಯ ಬಳಿ ಇಡಬೇಕು. ಕಲಬುರಗಿ, ರಾಯಚೂರು, ಬಳ್ಳಾರಿ, ವಿಜಯಪುರದ ಒಣ ಬಿಸಿಲಿನಲ್ಲಿ ಇದು ಚೆನ್ನಾಗಿ ಕೆಲಸ ಮಾಡುತ್ತದೆ. ಮಂಗಳೂರಿನ ನೆಂಟರಿಗೆ ಇದೇ ಸಲಹೆ ಕೊಡಬೇಡಿ, ಅಲ್ಲಿನ ಗಾಳಿಯಲ್ಲಿ ಮೊದಲೇ ತೇವ ತುಂಬಿರುತ್ತದೆ.

ಮಲಗುವುದಕ್ಕೆ ನೆಲಮಹಡಿಯ ಕೋಣೆಯೇ ಮೇಲು, ಏಕೆಂದರೆ ಹಗಲಿಡೀ ಕಾಯ್ದ ಆರ್‌ಸಿಸಿ ಮಾಳಿಗೆ ಆ ಶಾಖವನ್ನು ಕೆಳಗಿನ ಕೋಣೆಗೆ ಇಳಿಸುವುದು ಸಂಜೆಯ ಮೇಲೆ. ಮಾಳಿಗೆಗೆ ಬೇಸಿಗೆಗೆ ಮೊದಲೇ ಬಿಳಿ ಸುಣ್ಣ ಬಳಿಸಿದ್ದರೆ ಅಷ್ಟರಮಟ್ಟಿಗೆ ಶಾಖ ತಗ್ಗುತ್ತದೆ. ಹಗಲಲ್ಲಿ ಬಿಸಿಲಿನ ಕಡೆಯ ಕಿಟಕಿ ಮುಚ್ಚಿ, ಬೆಳಗಿನ ಜಾವ ಎಲ್ಲವನ್ನೂ ತೆರೆದು ಮನೆಯನ್ನು ಆರಿಸಬೇಕು. ಕೋಣೆಯ ಗಾಳಿ 40 ಡಿಗ್ರಿ ದಾಟಿರುವಾಗ ಬರೀ ಫ್ಯಾನ್ ಮೈಗೆ ಬಿಸಿಗಾಳಿಯನ್ನೇ ಹೊಡೆಯುತ್ತದೆ. ವಯಸ್ಸಾದವರನ್ನು, ಹಸುಗೂಸುಗಳನ್ನು ಆ ಹೊತ್ತಿನಲ್ಲಿ ಅದರ ಕೆಳಗೆ ಬಿಟ್ಟು ನಿಶ್ಚಿಂತೆಯಿಂದಿರಬಾರದು. ನಾನು ವೈದ್ಯನಲ್ಲ, ಆದರೂ ಕೆಲಸಕ್ಕೆ ಹೋದ ಮನೆಗಳಲ್ಲಿ ಹೇಳಿ ಬರುವ ಒಂದು ಮಾತು ಇದೆ: ಅಜ್ಜ ಅಜ್ಜಿಯರು ತೊದಲತೊಡಗಿದರೆ, ಗೊಂದಲಕ್ಕೊಳಗಾದರೆ, ಮೈ ಸುಡುತ್ತಿದ್ದರೆ ನನಗಲ್ಲ, 108ಕ್ಕೆ ಕರೆ ಮಾಡಿ.

ಸೋರಿಕೆ ಒಳ ಕಾಯಿಲ್‌ನಲ್ಲಿಯೇ ಇದ್ದು ಯಂತ್ರ ಆರ್-22 ಗ್ಯಾಸಿನ ಹಳೆಯದಾಗಿದ್ದರೆ, ಸಾಮಾನ್ಯವಾಗಿ ರಿಪೇರಿಗಿಂತ ಬದಲಿಸುವುದನ್ನು ನಾನು ಸೂಚಿಸುತ್ತೇನೆ. ಓಜೋನ್ ಪದರಕ್ಕೆ ಹಾನಿ ಮಾಡುವ ಆ ಗ್ಯಾಸನ್ನು ಮಾಂಟ್ರಿಯಲ್ ಒಪ್ಪಂದದ ಪ್ರಕಾರ ಹಂತಹಂತವಾಗಿ ಕೈಬಿಡಲಾಗುತ್ತಿದ್ದು, 2025ರಿಂದ ಭಾರತದಲ್ಲಿ ಹೊಸ ಎಸಿಗಳ ತಯಾರಿಕೆಗೆ ಅದನ್ನು ಬಳಸುವಂತಿಲ್ಲ. ಆದರೆ ಇದನ್ನು ಯಂತ್ರ ನೋಡದೆ ಹೇಳಲಾಗದು. ತೂತು ಕೈಗೆಟಕುವ ಕಡೆ ಇದ್ದರೆ ಹಳೆಯದೂ ಇನ್ನಷ್ಟು ವರ್ಷ ಓಡೀತು.

ಚೀಟಿ ಪಡೆಯುವಾಗ ಸೋರಿಕೆ ಎಲ್ಲಿತ್ತು, ಯಾವ ಗ್ಯಾಸನ್ನು ಎಷ್ಟು ಗ್ರಾಂ ತುಂಬಲಾಯಿತು ಎಂಬುದನ್ನು ಬರೆಸಿಕೊಳ್ಳಿ. ಮುಂದಿನ ವರ್ಷ ಶಿವರಾತ್ರಿ ಮುಗಿದ ವಾರದಲ್ಲಿ, ಚಳಿ ಪೂರ್ತಿ ಹೋಗುವ ಮುಂಚೆ, ಎಸಿಯನ್ನು ಅರ್ಧ ಗಂಟೆ ಓಡಿಸಿ ನೋಡಿ. ಆಗಲೂ ತಣ್ಣಗಾಗದಿದ್ದರೆ ಅಂದೇ ಕರೆ ಮಾಡಿ; ಆ ತಿಂಗಳಲ್ಲಿ ನಮ್ಮ ಬಳಿ ನೈಟ್ರೋಜನ್ ತುಂಬಿಟ್ಟು ರಾತ್ರಿಯಿಡೀ ಕಾಯುವಷ್ಟು ಪುರಸೊತ್ತು ಇರುತ್ತದೆ.