ಕೃಷಿ ಜಮೀನನ್ನು ಬಡಾವಣೆ ಮಾಡುವ ಮುನ್ನ ನೀರಿನ ಲೆಕ್ಕ: ಐದು ಎಕರೆಯ ಉದಾಹರಣೆ

ಕರ್ನಾಟಕ ಭೂಕಂದಾಯ ಕಾಯ್ದೆ 1964ರ 95ನೇ ಕಲಮಿನಡಿ ಜಿಲ್ಲಾಧಿಕಾರಿ ಕೊಡುವ ಪರಿವರ್ತನೆ ಆದೇಶ ಜಮೀನಿನ ಬಳಕೆಯನ್ನಷ್ಟೇ ಬದಲಿಸುತ್ತದೆ. ಅಲ್ಲಿ ನೀರು ಸಿಗುತ್ತದೆ ಎಂಬ ಖಾತ್ರಿ ಅದರಲ್ಲಿ ಇರುವುದಿಲ್ಲ. ಜಮೀನು ಮಹಾಯೋಜನೆಯ (ಮಾಸ್ಟರ್ ಪ್ಲಾನ್) ಹಸಿರು ವಲಯದಲ್ಲಿದ್ದರೆ ಮೊದಲು ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ 1961ರ 14ಎ ಕಲಮಿನಡಿ ಭೂಬಳಕೆ ಬದಲಾಗಬೇಕು, ಬಡಾವಣೆ ನಕ್ಷೆಗೆ 17ನೇ ಕಲಮಿನಡಿ ಮಂಜೂರಾತಿ ಬೇಕು. ಇಷ್ಟೆಲ್ಲ ಖರ್ಚು ಮಾಡಿದ ಮೇಲೆ ನೀರು ಹುಡುಕಲು ಹೊರಡುವವರೇ ಹೆಚ್ಚು. ಈ ಕ್ರಮವನ್ನು ತಿರುವುಮುರುವು ಮಾಡಬೇಕು: ಮೊದಲು ನೀರು, ಆಮೇಲೆ ಅರ್ಜಿ.

ಬೇಡಿಕೆ ಎಷ್ಟು?

ಐದು ಎಕರೆ ಎಂದರೆ ಸುಮಾರು 20,200 ಚದರ ಮೀಟರ್. ರಸ್ತೆ, ಉದ್ಯಾನ, ನಾಗರಿಕ ಸೌಲಭ್ಯಕ್ಕೆ ಶೇ 45 ಬಿಟ್ಟರೆ 30x40 ಅಳತೆಯ ಸುಮಾರು 95 ನಿವೇಶನ ಸಿಗುತ್ತವೆ. ಮನೆಗೆ ಐದು ಜನ, ತಲೆಗೆ ದಿನಕ್ಕೆ 135 ಲೀಟರ್ (ಒಳಚರಂಡಿ ಇರುವ ಊರಿಗೆ ಕೇಂದ್ರ ಸರ್ಕಾರದ ನೀರು ಸರಬರಾಜು ತಾಂತ್ರಿಕ ಸಂಸ್ಥೆಯಾದ ಸಿಪಿಎಚ್‌ಇಇಒ ಕೈಪಿಡಿ ಹೇಳುವ ಪ್ರಮಾಣ) ಎಂದು ಹಿಡಿದರೆ 64,125 ಲೀಟರ್. ಪೈಪಿನಲ್ಲಿ ಸೋರಿಹೋಗುವ ಶೇ 15 ಸೇರಿಸಿದರೆ ದಿನಕ್ಕೆ 75,000 ಲೀಟರ್.

ಇದು ಒಂದು ನಿವೇಶನಕ್ಕೆ ಒಂದೇ ಸಂಸಾರ ಎಂಬ ಲೆಕ್ಕ. ಪಟ್ಟಣದ ಅಂಚಿನಲ್ಲಿ 30x40 ಸೈಟಿನ ಮೇಲೆ ಮೂರು ಅಂತಸ್ತು ಎದ್ದು, ಎರಡು ಮಹಡಿ ಬಾಡಿಗೆಗೆ ಹೋಗುವುದು ಮಾಮೂಲು. ಆಗ ಬೇಡಿಕೆ 2,25,000 ಲೀಟರಿಗೆ ಏರುತ್ತದೆ. ಅಂದಾಜು ಪಟ್ಟಿಯಲ್ಲಿ ಎರಡೂ ಅಂಕಿ ಇರಲೇಬೇಕು.

‘ಊರಿನ ನಲ್ಲಿಯಿಂದಲೇ ಒಂದು ಲೈನ್ ಎಳೆದರಾಯಿತು’ ಎನ್ನುವವರಿಗೆ ಒಂದು ಹೋಲಿಕೆ ತೋರಿಸಿ. ಜಲಜೀವನ್ ಮಿಷನ್‌ನಲ್ಲಿ ಹಳ್ಳಿಯ ವಿನ್ಯಾಸ ತಲೆಗೆ 55 ಲೀಟರ್. ಈ 95 ಮನೆಗಳ ನೀರು ಆ ಲೆಕ್ಕದಲ್ಲಿ 1,160ಕ್ಕೂ ಹೆಚ್ಚು ಹಳ್ಳಿಗರ ಪಾಲು. ಪಂಚಾಯಿತಿಯ ಮೂಲಕ್ಕೆ ಅಷ್ಟು ಶಕ್ತಿ ಇರುವುದು ಅಪರೂಪ.

ಬೋರ್‌ವೆಲ್ ಇಳುವರಿ: ‘ಇಂಚು’ ಎಂದರೆ ಎಷ್ಟು?

ಕೊರೆಯುವವರು ‘ಎರಡಿಂಚು ನೀರು ಬಿದ್ದಿದೆ’ ಎನ್ನುವುದು ಪೈಪಿನ ಅಳತೆಯಲ್ಲ. 90 ಡಿಗ್ರಿ ವಿ-ನಾಚ್ (ತಗಡಿನಲ್ಲಿ ‘ವಿ’ ಆಕಾರದಲ್ಲಿ ಕತ್ತರಿಸಿದ ಕಂಡಿ) ಮೇಲೆ ಹರಿಯುವ ನೀರಿನ ಎತ್ತರ. ಹರಿವು ಆ ಎತ್ತರದ ಎರಡೂವರೆ ಘಾತಕ್ಕೆ ತಕ್ಕಂತೆ ಏರುತ್ತದೆ. ಹಾಗಾಗಿ ಒಂದಿಂಚು ಎಂದರೆ ಗಂಟೆಗೆ ಸುಮಾರು 500 ಲೀಟರ್, ಎರಡಿಂಚು 2,900, ಮೂರಿಂಚು 8,000. ಒಂದಿಂಚಿನ ಎರಡು ಬಾವಿ ಸೇರಿದರೆ ಎರಡಿಂಚು ಆಗುವುದಿಲ್ಲ. ಐದಾರು ಬಾವಿ ಬೇಕು. ಕಲಿಯುವವರು ಇಲ್ಲಿ ತಪ್ಪುವುದೇ ಹೆಚ್ಚು.

ದಿನಕ್ಕೆ ಎಂಟು ಗಂಟೆ ಪಂಪ್ ಓಡಿಸಿ, ಉಳಿದ ಹೊತ್ತು ಬಾವಿಗೆ ನೀರು ಕೂಡಲು ಬಿಟ್ಟರೆ, 75,000 ಲೀಟರಿಗೆ ಎರಡಿಂಚಿನ ನಾಲ್ಕು ಅಥವಾ ಮೂರಿಂಚಿನ ಎರಡು ಬೋರ್‌ವೆಲ್ ಬೇಕಾಗುತ್ತವೆ. ಕೊರೆದ ದಿನ ಕಂಪ್ರೆಸರ್ ಉಕ್ಕಿಸುವ ನೀರನ್ನು ನಂಬಬೇಡಿ. ಅದರಲ್ಲಿ ಕಲ್ಲಿನ ಬಿರುಕುಗಳಲ್ಲಿ ಮೊದಲೇ ನಿಂತಿದ್ದ ನೀರೂ ಸೇರಿರುತ್ತದೆ. ಏಪ್ರಿಲ್–ಮೇ ತಿಂಗಳಲ್ಲಿ 24 ಗಂಟೆ ನಿರಂತರ ಪಂಪ್ ಮಾಡಿ, ನೀರಿನ ಮಟ್ಟ ಎಷ್ಟು ಇಳಿಯಿತು, ನಿಲ್ಲಿಸಿದ ಮೇಲೆ ಎಷ್ಟು ಹೊತ್ತಿನಲ್ಲಿ ಮೇಲೆ ಬಂತು ಎಂದು ಬರೆದಿಡಿ. ಮಟ್ಟ ಒಂದೆಡೆ ನಿಲ್ಲದೆ ಇಳಿಯುತ್ತಲೇ ಹೋದರೆ ಆ ಹರಿವು ಬಹಳ ದಿನ ಬಾಳುವುದಿಲ್ಲ.

ಕೊರೆಯುವ ಮುಂಚೆ ಎರಡು ಕಾಯ್ದೆ ನೋಡಿ. ಸಾರ್ವಜನಿಕ ಕುಡಿಯುವ ನೀರಿನ ಮೂಲದಿಂದ 500 ಮೀಟರ್ ಒಳಗೆ ಅನುಮತಿಯಿಲ್ಲದೆ ಬಾವಿ ತೋಡುವಂತಿಲ್ಲ (1999ರ ಕಾಯ್ದೆ). ಅಧಿಸೂಚಿತ ಪ್ರದೇಶವಾದರೆ 2011ರ ಅಂತರ್ಜಲ ಕಾಯ್ದೆಯಡಿ ಪ್ರಾಧಿಕಾರದ ಅನುಮತಿಯೂ ಬೇಕು.

ಖರ್ಚು

ಕೊರೆಯುವ ಖರ್ಚು ಒಮ್ಮೆಯದು, ಕರೆಂಟು ಪ್ರತಿ ತಿಂಗಳದು. ನೀರಿನ ಮಟ್ಟ 200 ಮೀಟರ್, ಟ್ಯಾಂಕಿನ ಎತ್ತರ ಮತ್ತು ಪೈಪಿನ ಘರ್ಷಣೆ ಸೇರಿ 225 ಮೀಟರ್ ಹೆಡ್ (ಪಂಪು ನೀರನ್ನು ಎತ್ತಬೇಕಾದ ಒಟ್ಟು ಎತ್ತರ), ಗಂಟೆಗೆ 8,000 ಲೀಟರ್, ಒಟ್ಟು ದಕ್ಷತೆ ಶೇ 50 ಎಂದುಕೊಳ್ಳಿ. ಮೋಟಾರು ಎಳೆಯುವುದು ಸುಮಾರು 10 ಕಿಲೋವ್ಯಾಟ್, ಅಂದರೆ ಸಾವಿರ ಲೀಟರಿಗೆ 1.2 ಯೂನಿಟ್. ದಿನಕ್ಕೆ 90 ಯೂನಿಟ್. ಯೂನಿಟ್ಟಿಗೆ 7 ರೂಪಾಯಿ ಹಿಡಿದರೆ ದಿನಕ್ಕೆ 630 ರೂಪಾಯಿ, ನಿವೇಶನವೊಂದಕ್ಕೆ ತಿಂಗಳಿಗೆ ಸುಮಾರು 200.

ಹಳೆಯ ಪಂಪ್‌ಸೆಟ್ ಸಂಪರ್ಕವನ್ನೇ ಮುಂದುವರಿಸಬಹುದು ಎಂದು ಲೆಕ್ಕ ಹಾಕಬೇಡಿ. 10 ಎಚ್‌ಪಿವರೆಗಿನ ಉಚಿತ ವಿದ್ಯುತ್ ನೀರಾವರಿಗೆ ಮಾತ್ರ.

ಬೋರ್‌ವೆಲ್ ಕೈಕೊಟ್ಟರೆ ಟ್ಯಾಂಕರ್. 2024ರ ಮಾರ್ಚ್‌ನಲ್ಲಿ ಬೆಂಗಳೂರಿನಲ್ಲಿ ಜಿಲ್ಲಾಡಳಿತ 5 ಕಿಲೋಮೀಟರ್ ಒಳಗೆ 6,000 ಲೀಟರಿನ ಟ್ಯಾಂಕರ್‌ಗೆ 600 ರೂಪಾಯಿ ನಿಗದಿ ಮಾಡಿತ್ತು. ಆ ದರದಲ್ಲೂ 75,000 ಲೀಟರಿಗೆ ದಿನಕ್ಕೆ 7,500 ರೂಪಾಯಿ, ಅಂದರೆ ಕರೆಂಟಿನ ಖರ್ಚಿನ ಹನ್ನೆರಡು ಪಟ್ಟು. ನಿವೇಶನ ಕೊಳ್ಳುವವರ ಮುಂದೆ ಈ ಎರಡು ಅಂಕಿಗಳನ್ನು ಅಕ್ಕಪಕ್ಕ ಇಡುವುದು ನ್ಯಾಯ.

ಟ್ಯಾಂಕು, ಒತ್ತಡ, ಗುಣಮಟ್ಟ

ದಿನದ ಬೇಡಿಕೆಯ ಮೂರನೇ ಒಂದು ಪಾಲು, ಅಂದರೆ 25,000 ಲೀಟರಿನ ಮೇಲ್ತೊಟ್ಟಿ; ಕರೆಂಟು ಹೋದ ದಿನಕ್ಕೆ 50,000 ಲೀಟರಿನ ಸಂಪು. ಕೊನೆಯ ಮನೆಯ ಬಳಿ ಉಳಿಯಬೇಕಾದ ಒತ್ತಡ (ನೀರು ಏರಬಲ್ಲ ಎತ್ತರದ ಲೆಕ್ಕದಲ್ಲಿ) ಒಂದಂತಸ್ತಿಗೆ 7 ಮೀಟರ್, ಎರಡಕ್ಕೆ 12, ಮೂರಕ್ಕೆ 17. ಪೈಪಿನ ಗಾತ್ರವನ್ನು ಸರಾಸರಿ ಹರಿವಿಗಲ್ಲ, ಅದರ ಮೂರು ಪಟ್ಟಿಗೆ ಆರಿಸಿ. ಬೆಳಗಿನ ಹೊತ್ತು ಎಲ್ಲರ ನಲ್ಲಿಯೂ ಒಟ್ಟಿಗೆ ತೆರೆದಿರುತ್ತದೆ.

ಪ್ರಯೋಗಾಲಯದ ವರದಿಯನ್ನು ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500 ಜೊತೆ ಹೋಲಿಸಿ. ಲೀಟರಿಗೆ ಫ್ಲೋರೈಡ್ 1.5 ಮಿಲಿಗ್ರಾಂ, ನೈಟ್ರೇಟ್ 45 ಮಿಲಿಗ್ರಾಂ ದಾಟಬಾರದು. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಕಡೆ ಆಳಕ್ಕೆ ಹೋದ ಬಾವಿಗಳಲ್ಲಿ ಫ್ಲೋರೈಡನ್ನು ಮೊದಲು ನೋಡಿ. ಕುದಿಸಿದರೆ ಅದು ಹೋಗುವುದಿಲ್ಲ, ಆರ್‌ಒ ಹಾಕಿದರೆ ಸ್ವಲ್ಪ ನೀರು ತ್ಯಾಜ್ಯವಾಗಿ ಹೊರಹೋಗುತ್ತದೆ. ಆ ನಷ್ಟವನ್ನೂ ಬೇಡಿಕೆಗೆ ಕೂಡಿಸಿ.

ಮಳೆನೀರು: 700 ಮಿಲಿಮೀಟರ್ ಮಳೆ, 60 ಚದರ ಮೀಟರ್ ತಾರಸಿ, ಶೇ 80 ಸಂಗ್ರಹ ಎಂದರೆ ವರ್ಷಕ್ಕೆ 33,600 ಲೀಟರ್. ಒಂದು ಮನೆಯ ವಾರ್ಷಿಕ ಬೇಡಿಕೆಯ ಏಳನೇ ಒಂದು ಭಾಗ. ಇದೊಂದರಿಂದಲೇ ಮನೆ ನಡೆಯದು, ಆದರೆ ಇಂಗಿಸಿದರೆ ಬಾವಿಗೆ ನೆರವು.

ನಕ್ಷೆ ಬರೆಸುವಾಗ ಬೋರ್‌ವೆಲ್, ಸಂಪು, ಮೇಲ್ತೊಟ್ಟಿಗೆ ಬೇರೆಯೇ ಜಾಗ ಗುರುತಿಸಿ, ರಸ್ತೆ ಮತ್ತು ಉದ್ಯಾನದ ಜೊತೆ ಆ ಜಾಗವನ್ನೂ ಸ್ಥಳೀಯ ಸಂಸ್ಥೆಗೆ ಬಿಟ್ಟುಕೊಡುವ ಪತ್ರದಲ್ಲಿ ಸೇರಿಸಿ. ಬೋರ್‌ವೆಲ್ ಯಾರದೋ ಸೈಟಿನೊಳಗೆ ಉಳಿದು ಆ ಸೈಟು ಮಾರಾಟವಾದರೆ, ಹೊಸ ಮಾಲೀಕ ಗೇಟಿಗೆ ಬೀಗ ಹಾಕಿದ ದಿನ 95 ಮನೆಗೂ ನೀರು ನಿಲ್ಲುತ್ತದೆ.