ಹಳೇ ಕ್ಯಾಸೆಟ್, ಹೊಸ ಲ್ಯಾಪ್‌ಟಾಪ್, ನಡುವೆ ಸಿಕ್ಕಿಬಿದ್ದ ಡ್ರೈವರ್

ಕಲಬುರಗಿಯ ಶರಣಬಸವೇಶ್ವರ ಜಾತ್ರೆ, ಬಂದೇನವಾಜರ ಉರುಸು, ಬೀದರ್‌ನಿಂದ ಸುರಪುರದವರೆಗಿನ ಮದುವೆಗಳು. 1980–90ರ ದಶಕಗಳಲ್ಲಿ ಇವನ್ನೆಲ್ಲ ಹಿಡಿದಿಟ್ಟದ್ದು ವಿಎಚ್‌ಎಸ್ ಕ್ಯಾಸೆಟ್. ಈಗ ಅವನ್ನು ಪೆನ್‌ಡ್ರೈವಿಗೆ ಇಳಿಸಲು ಕೂತವರು ರೀಲಿನಲ್ಲಿ ಎಡವುವುದಕ್ಕಿಂತ ಡ್ರೈವರ್‌ನಲ್ಲಿ (ಸಾಧನವನ್ನು ಕಂಪ್ಯೂಟರಿಗೆ ಪರಿಚಯಿಸುವ ತಂತ್ರಾಂಶ) ಎಡವುವುದೇ ಹೆಚ್ಚು. ವಿಸಿಆರ್ ಓಡುತ್ತದೆ, ಟಿವಿಯಲ್ಲಿ ಚಿತ್ರ ಬರುತ್ತದೆ. ಆದರೆ ಲ್ಯಾಪ್‌ಟಾಪಿನ ಡಿವೈಸ್ ಮ್ಯಾನೇಜರ್‌ನಲ್ಲಿ (ವಿಂಡೋಸ್‌ನ ಸಾಧನಗಳ ಪಟ್ಟಿ), ವಿಸಿಆರ್‌ನ ಚಿತ್ರವನ್ನು ಲ್ಯಾಪ್‌ಟಾಪಿಗೆ ತರುವ ಕ್ಯಾಪ್ಚರ್ ಸ್ಟಿಕ್ಕಿನ ಹೆಸರಿಗೆ ಹಳದಿ ತ್ರಿಕೋನ ಅಂಟಿಕೊಂಡಿರುತ್ತದೆ.

1990ರ ದಶಕದ ಕೊನೆಯಲ್ಲಿ ಈ ಕೆಲಸ ಮಾಡುತ್ತಿದ್ದದ್ದು ಕಂಪ್ಯೂಟರಿನೊಳಗೆ ಕೂರಿಸುವ ಪಿಸಿಐ ಟಿವಿ ಕಾರ್ಡುಗಳು. ಅವುಗಳಲ್ಲಿ ಅನೇಕಕ್ಕೆ ಬ್ರೂಕ್‌ಟ್ರೀಯ ಬಿಟಿ848 ಅಥವಾ ಬಿಟಿ878 ಚಿಪ್ಪೇ ಇತ್ತು. ಹೊರಗಿನ ಹೆಸರು ಬೇರೆ ಇದ್ದರೂ ಒಂದರ ಡ್ರೈವರ್ ಇನ್ನೊಂದಕ್ಕೆ ಹೇಗೋ ಹೊಂದುತ್ತಿತ್ತು. ಲ್ಯಾಪ್‌ಟಾಪ್ ಬಂದ ಮೇಲೆ ಕಾರ್ಡ್ ಕೂರಿಸುವ ಜಾಗವೇ ಹೋಯಿತು. ಯುಎಸ್‌ಬಿ 2.0 ಆ ಜಾಗ ತುಂಬಿತು. ಅದರ ಬೆನ್ನಿಗೇ ಬಂದದ್ದು ಬೆರಳುದ್ದದ ಈಸಿಕ್ಯಾಪ್ ಎಂಬ ಕ್ಯಾಪ್ಚರ್ ಸ್ಟಿಕ್.

ಗೊಂದಲ ಹುಟ್ಟಿದ್ದು ಇಲ್ಲೇ. ಮೊದಲು ಬಂದ ಈಸಿಕ್ಯಾಪ್‌ನಲ್ಲಿ ಸಿಂಟೆಕ್ ಎಸ್‌ಟಿಕೆ1160 ಚಿಪ್ ಇತ್ತು. ಆಮೇಲೆ ಅದೇ ಪ್ಲಾಸ್ಟಿಕ್, ಅದೇ ಹೆಸರಿನೊಳಗೆ ಎಂಪಿಯಾ ಇಎಂ2860, ಸೋಮ್ಯಾಜಿಕ್ ಎಸ್‌ಎಂಐ2021, ಯುಟಿವಿ007 ಹೀಗೆ ಬೇರೆ ಬೇರೆ ಚಿಪ್ಪುಗಳು ಸೇರಿದವು. ಡ್ರೈವರ್ ನೋಡುವುದು ಡಬ್ಬಿಯ ಮೇಲಿನ ಹೆಸರನ್ನಲ್ಲ, ಚಿಪ್ಪಿನ ಗುರುತು ಸಂಖ್ಯೆಯನ್ನು. ಹಾಗಾಗಿ ಗೆಳೆಯನ ಸ್ಟಿಕ್ಕಿಗೆ ಕೆಲಸ ಮಾಡಿದ ಸಿಡಿ ನಿಮ್ಮದಕ್ಕೆ ಮಾಡದಿದ್ದರೆ ಆಶ್ಚರ್ಯವಿಲ್ಲ. (ಜೊತೆಗೆ ಬರುವ ಆ ಪುಟ್ಟ ಸಿಡಿಯನ್ನು ಬಾಯಿಯಲ್ಲಿ ಎಳೆದುಕೊಳ್ಳುವ ಬಗೆಯ ಡ್ರೈವಿಗೆ ಹಾಕಲೇಬೇಡಿ, ಒಳಗೇ ಸಿಕ್ಕಿಕೊಳ್ಳುತ್ತದೆ.)

ಆದ್ದರಿಂದ ಡ್ರೈವರ್ ಹುಡುಕುವ ಮೊದಲು ಸಂಖ್ಯೆ ನೋಡಿ. ಡಿವೈಸ್ ಮ್ಯಾನೇಜರ್‌ನಲ್ಲಿ ತ್ರಿಕೋನವಿರುವ ಹೆಸರಿನ ಮೇಲೆ ರೈಟ್ ಕ್ಲಿಕ್ ಮಾಡಿ, ಪ್ರಾಪರ್ಟೀಸ್, ಅಲ್ಲಿಂದ ಡೀಟೇಲ್ಸ್, ಅದರಲ್ಲಿ ಹಾರ್ಡ್‌ವೇರ್ ಐಡಿಸ್. ವಿಐಡಿ (ತಯಾರಕರ ಸಂಖ್ಯೆ) 05ಇ1 ಇದ್ದರೆ ಸಿಂಟೆಕ್, ಇಬಿ1ಎ ಇದ್ದರೆ ಎಂಪಿಯಾ, 1ಬಿ71 ಇದ್ದರೆ ಯುಟಿವಿ007, 1ಸಿ88 ಇದ್ದರೆ ಸೋಮ್ಯಾಜಿಕ್. ಸೋಮ್ಯಾಜಿಕ್‌ಗೆ ಇನ್ನೊಂದು ಕಿರಿಕಿರಿ ಇದೆ. ಚುಚ್ಚಿದಾಗ ಅದು 0007 ಎಂಬ ಪಿಐಡಿ (ಉತ್ಪನ್ನದ ಸಂಖ್ಯೆ) ತೋರಿಸುತ್ತದೆ. ಡ್ರೈವರ್ ಅದಕ್ಕೆ ಫರ್ಮ್‌ವೇರ್ (ಚಿಪ್ಪಿನೊಳಗೇ ಓಡುವ ತಂತ್ರಾಂಶ) ತುಂಬಿದ ಮೇಲೆ ಬೇರೆ ಪಿಐಡಿಯೊಂದಿಗೆ ಹೊಸ ಸಾಧನದಂತೆ ಮತ್ತೆ ಕಾಣಿಸಿಕೊಳ್ಳುತ್ತದೆ. ಇನ್‌ಸ್ಟಾಲ್ ಎರಡು ಸಲ ನಡೆಯಬೇಕು. ಮೊದಲನೆಯದು ಮುಗಿಯುತ್ತಲೇ ಸ್ಟಿಕ್ ಕಿತ್ತರೆ ಕೆಲಸ ಅರ್ಧಕ್ಕೇ ನಿಂತಂತೆ.

ಇನ್ನು ವಿಂಡೋಸ್ ಕಡೆಯ ಕಥೆ. 2007ರಲ್ಲಿ ಮಾರುಕಟ್ಟೆಗೆ ಬಂದ ವಿಸ್ಟಾದ 64 ಬಿಟ್ ಆವೃತ್ತಿ, ಡಿಜಿಟಲ್ ಸಹಿ (ತಯಾರಕರು ಯಾರೆಂಬ ಖಾತರಿ) ಇಲ್ಲದ ಕರ್ನಲ್ (ವ್ಯವಸ್ಥೆಯ ತಿರುಳು) ಡ್ರೈವರ್ ಬೇಡವೆಂದಿತು. 32 ಬಿಟ್‌ನಲ್ಲಿ ಎಚ್ಚರಿಕೆ ಕೊಟ್ಟು ಬಿಡುತ್ತಿತ್ತು, ಆದ್ದರಿಂದ ಆಗ ಬಿಸಿ ಅಷ್ಟು ತಟ್ಟಲಿಲ್ಲ. 2016ರ ವಿಂಡೋಸ್ 10 ಪರಿಷ್ಕರಣೆ ಹೊಸ ಡ್ರೈವರ್‌ಗಳಿಗೆ ಮೈಕ್ರೋಸಾಫ್ಟ್‌ನದೇ ಸಹಿ ಕೇಳತೊಡಗಿತು. ವಿಂಡೋಸ್ 11ರಲ್ಲಿ 32 ಬಿಟ್ ಆವೃತ್ತಿಯೇ ಇಲ್ಲ. ಮೇಲೆ ಹೊಂದದ ಡ್ರೈವರ್‌ಗಳನ್ನು ತಡೆಯುವ ಮೆಮೊರಿ ಇಂಟೆಗ್ರಿಟಿ ಎಂಬ ಕಾವಲು ಬೇರೆ. ಹಳೇ ಸ್ಟಿಕ್ ಕೆಟ್ಟಿಲ್ಲ, ಅದನ್ನು ಒಳಗೆ ಬಿಡುವ ಬಾಗಿಲು ಕಿರಿದಾಗುತ್ತ ಬಂದಿದೆ.

ತ್ರಿಕೋನದ ಹಿಂದಿನ ಕೋಡ್ ಓದಿದರೆ ಅರ್ಧ ದಾರಿ ಸಿಕ್ಕಂತೆ. 28 ಎಂದರೆ ಡ್ರೈವರೇ ಇಲ್ಲ. 52 ಎಂದರೆ ಸಹಿಯ ತಕರಾರು. 39 ಎಂದರೆ ಡ್ರೈವರ್ ಕಡತ ಕೆಟ್ಟಿದೆ ಅಥವಾ ಲೋಡ್ ಆಗುತ್ತಿಲ್ಲ. ಆಗ ವಿಂಡೋಸ್ ಸೆಕ್ಯುರಿಟಿ, ಡಿವೈಸ್ ಸೆಕ್ಯುರಿಟಿ, ಕೋರ್ ಐಸೊಲೇಶನ್ ತೆರೆದು ಹೊಂದದ ಡ್ರೈವರ್‌ಗಳ ಪಟ್ಟಿ ನೋಡಿ. ಶಿಫ್ಟ್ ಒತ್ತಿ ರೀಸ್ಟಾರ್ಟ್ ಮಾಡಿ, ಸ್ಟಾರ್ಟಪ್ ಸೆಟ್ಟಿಂಗ್ಸ್‌ಗೆ ಹೋಗಿ ಎಫ್7 ಒತ್ತಿ ಸಹಿಯ ತಪಾಸಣೆ ನಿಲ್ಲಿಸುವ ಉಪಾಯ ಹಲವರಿಗೆ ಗೊತ್ತು. ಅದು ಆ ಒಂದು ಬೂಟಿಗೆ ಮಾತ್ರ. ಮರುದಿನ ಯಂತ್ರ ಹಚ್ಚಿದರೆ ಕೋಡ್ 52 ಮತ್ತೆ ಹಾಜರ್. ದಿನಾ ಬಳಸುವ ಲ್ಯಾಪ್‌ಟಾಪಿನ ಕಾವಲು ತೆಗೆಯುವುದಕ್ಕಿಂತ ಮೂಲೆಗೆ ಬಿದ್ದ ವಿಂಡೋಸ್ 7ರ 32 ಬಿಟ್ ಯಂತ್ರವನ್ನು ಇಂಟರ್‌ನೆಟ್ ಕಿತ್ತು ಇದೊಂದೇ ಕೆಲಸಕ್ಕೆ ಇಡುವುದು ಮೇಲು. ಅದೂ ಇಲ್ಲದಿದ್ದರೆ ಇನ್‌ಸ್ಟಾಲ್ ಮಾಡದೆ ನೇರ ಓಡುವ ಲಿನಕ್ಸ್ ಲೈವ್ ಪೆನ್‌ಡ್ರೈವ್: ಸಿಂಟೆಕ್, ಎಂಪಿಯಾ, ಯುಟಿವಿ007 ಮೂರಕ್ಕೂ ಅದರ ಕರ್ನಲ್‌ನಲ್ಲೇ ಡ್ರೈವರ್ ಇದೆ. ಸೋಮ್ಯಾಜಿಕ್‌ಗೆ ಇಲ್ಲ.

ಈಚಿನ ಅಗ್ಗದ ಸ್ಟಿಕ್ಕುಗಳು ವೆಬ್‌ಕ್ಯಾಮ್ ಬಳಸುವ ಯುವಿಸಿ ಮಾದರಿಯವು (ವಿಐಡಿ 534ಡಿ). ಡ್ರೈವರ್ ಬೇಡ, ಚುಚ್ಚಿದರೆ ಸಾಕು. ಬಣ್ಣ, ಸ್ಪಷ್ಟತೆಯಲ್ಲಿ ಹಳೇ ಸಿಂಟೆಕ್ ಇದಕ್ಕಿಂತ ವಾಸಿ ಎನ್ನುವುದು ನಮ್ಮ ಅಭಿಪ್ರಾಯ.

ಚಿತ್ರ ಬಂದು ದನಿ ಬಾರದಿದ್ದರೆ ಡ್ರೈವರನ್ನು ಬೈಯಬೇಡಿ. 2018ರ ಪರಿಷ್ಕರಣೆಯಿಂದ ವಿಂಡೋಸ್ ಈ ಸ್ಟಿಕ್ಕಿನ ಆಡಿಯೊವನ್ನೂ ಮೈಕಿನ ಲೆಕ್ಕಕ್ಕೇ ಹಿಡಿಯುತ್ತದೆ. ಸೆಟ್ಟಿಂಗ್ಸ್‌ನ ಪ್ರೈವಸಿಯಲ್ಲಿ ಡೆಸ್ಕ್‌ಟಾಪ್ ಆ್ಯಪ್‌ಗಳಿಗೆ ಮೈಕ್ರೊಫೋನ್ ಅನುಮತಿ ಇಲ್ಲದಿದ್ದರೆ ರೆಕಾರ್ಡಿಂಗ್ ಪೂರಾ ಮೌನ. ಚಿತ್ರ ಕಪ್ಪುಬಿಳುಪಾಗಿ ಬಂದರೆ ಅಥವಾ ಉರುಳುತ್ತಿದ್ದರೆ ರೆಕಾರ್ಡಿಂಗ್ ತಂತ್ರಾಂಶದ ವಿಡಿಯೊ ಸ್ಟಾಂಡರ್ಡ್ ಎನ್‌ಟಿಎಸ್‌ಸಿಯಲ್ಲಿ (ಅಮೆರಿಕದ ಟಿವಿ ಪದ್ಧತಿ) ಉಳಿದಿದೆಯೇ ನೋಡಿ, ಪಾಲ್-ಬಿ (ನಮ್ಮ ದೇಶದ ಪದ್ಧತಿ) ಮಾಡಿ: 720 ಗುಣಿಸು 576, ಸೆಕೆಂಡಿಗೆ 25 ಫ್ರೇಮು. ಅಮೆರಿಕದ ನೆಂಟರು ಕಳಿಸಿದ ಕ್ಯಾಸೆಟ್ ಆಗಿದ್ದರೆ ಮಾತ್ರ ಎನ್‌ಟಿಎಸ್‌ಸಿ. ಏನೂ ಕುಗ್ಗಿಸದೆ ಹಿಡಿದರೆ ತಾಸಿಗೆ ಸುಮಾರು 75 ಜಿಬಿ ತಿನ್ನುತ್ತದೆ. ಗುಣಮಟ್ಟ ಕೆಡಿಸದೆ ಕುಗ್ಗಿಸುವ ಹಫ್‌ವೈಯುವಿ ಕೊಡೆಕ್ ಹಾಕಿದರೆ ಅದರ ಅರ್ಧದ ಆಸುಪಾಸು.

ಫ್ರೇಮ್ ಬಿಟ್ಟುಹೋಗುತ್ತಿದ್ದರೆ ಯುಎಸ್‌ಬಿ ಹಬ್ ತೆಗೆದು ನೇರ ಚುಚ್ಚಿ. 40 ಡಿಗ್ರಿ ದಾಟುವ ನಮ್ಮ ಬೇಸಿಗೆಯಲ್ಲಿ ಸ್ಟಿಕ್ಕನ್ನು ಲ್ಯಾಪ್‌ಟಾಪಿನ ಬಿಸಿಗಾಳಿಯಿಂದ ದೂರವಿಡಲು ಒಂದಡಿ ಎಕ್ಸ್‌ಟೆನ್ಶನ್ ಕೇಬಲ್ ಬಳಸಿ. ಅದಾದರೂ ನಿಲ್ಲದೆ, ಟಿವಿಯಲ್ಲೂ ಅದೇ ಜಾಗದಲ್ಲಿ ಗೆರೆ ಬರುತ್ತಿದ್ದರೆ ತಪ್ಪು ಡ್ರೈವರ್‌ನದಲ್ಲ, ವಿಸಿಆರ್‌ನೊಳಗೆ ಟೇಪು ಓದುವ, ಧೂಳು ತುಂಬಿದ ಹೆಡ್‌ನದು. ವಿಸಿಆರ್ ಮಾಡುತ್ತಿದ್ದ ಕೊನೆಯ ಕಂಪನಿ, ಜಪಾನಿನ ಫುನಾಯ್, 2016ರಲ್ಲಿ ನಿಲ್ಲಿಸಿದೆ, ಆದ್ದರಿಂದ ಕೈ ಹಗುರವಾಗಿರಲಿ. ಪ್ಲಗ್ ಕಿತ್ತು, ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿದ ಚಾಮೋಯ್ (ಮೃದು ತೊಗಲು) ತುಂಡನ್ನು ಡ್ರಮ್ಮಿಗೆ (ಹೆಡ್ ಕೂತಿರುವ ಉರುಳೆ) ಅಲ್ಲಾಡಿಸದೆ ಹಿಡಿದು, ಡ್ರಮ್ಮನ್ನೇ ಕೈಯಿಂದ ನಿಧಾನ ತಿರುಗಿಸಿ. ಮೇಲೆ ಕೆಳಗೆ ಉಜ್ಜಿದರೆ ಹೆಡ್ ಮುರಿಯುತ್ತದೆ. ಹತ್ತಿ ಕಡ್ಡಿ ಬೇಡ, ಎಳೆ ಸಿಕ್ಕಿಕೊಳ್ಳುತ್ತದೆ. ಪೂರ್ತಿ ಒಣಗಿದ ಮೇಲೆಯೇ ಕ್ಯಾಸೆಟ್ ಹಾಕಿ.