ಹಸಿ ಹಾಲಿನಲ್ಲೇ ರೋಗಾಣು ತಡೆಯುವ ಶಕ್ತಿ ಇದ್ದರೆ ಕಾಯಿಸುವುದು ಯಾಕೆ?

ಪ್ರಶ್ನೆ: ಹಸಿ ಹಾಲಿನಲ್ಲಿ ರೋಗಾಣು ಕೊಲ್ಲುವ ಪ್ರೋಟೀನ್ ಇರುತ್ತದೆ, ಕಾಯಿಸಿದರೆ ಅದು ಹಾಳಾಗುತ್ತದೆ ಅಂತ ಓದಿದೆ. ನಮ್ಮ ಮನೆಯಲ್ಲೇ ಹಸು ಇದೆ. ಮಕ್ಕಳಿಗೆ ಕಾಯಿಸದೆ ಕೊಡಬಹುದಾ?

ಉತ್ತರ: ಬೇಡ, ಕಾಯಿಸಿಯೇ ಕೊಡಿ. ನೀವು ಓದಿದ್ದು ಸುಳ್ಳಲ್ಲ. ಆ ಪ್ರೋಟೀನ್‌ಗಳು ಹಾಲಿನಲ್ಲಿ ಇವೆ, ಕುದಿಸಿದರೆ ಕೆಲಸ ನಿಲ್ಲಿಸುತ್ತವೆ, ಅದೂ ನಿಜ. ಆದರೆ ಅವು ಇರುವುದು ಯಾರಿಗಾಗಿ, ಎಷ್ಟು ಇವೆ, ಯಾವ ರೋಗಾಣುವಿನ ಮುಂದೆ ಸೋಲುತ್ತವೆ ಅನ್ನುವುದನ್ನು ಯಾರೂ ಹೇಳುವುದಿಲ್ಲ.

ಮೊದಲು ಲ್ಯಾಕ್ಟೋಫೆರಿನ್ ನೋಡೋಣ. ಬೇರೆ ಮಾಡಿ ಒಣಗಿಸಿದರೆ ತಿಳಿ ಗುಲಾಬಿ ಬಣ್ಣದ ಪುಡಿ. ಆ ಬಣ್ಣ ಅದು ಹಿಡಿದುಕೊಂಡಿರುವ ಕಬ್ಬಿಣದ್ದು. ಒಂದು ಲ್ಯಾಕ್ಟೋಫೆರಿನ್ ಅಣು ಕಬ್ಬಿಣದ ಎರಡು ಅಯಾನುಗಳನ್ನು ಬಿಗಿಯಾಗಿ ಹಿಡಿಯುತ್ತದೆ. ಹೆಚ್ಚಿನ ಬ್ಯಾಕ್ಟೀರಿಯಾಗಳು ಬೆಳೆಯಬೇಕಾದರೆ ಕಬ್ಬಿಣ ಬೇಕೇ ಬೇಕು. ಅದು ಸಿಗದಿದ್ದರೆ ಊಟಕ್ಕೆ ಕೂತವರ ಮುಂದಿನ ಎಲೆ ಎತ್ತಿಕೊಂಡ ಹಾಗೆ. ಅಷ್ಟೇ ಅಲ್ಲ, ಹೊಟ್ಟೆಯಲ್ಲಿ ಪ್ರೋಟೀನ್ ಜೀರ್ಣಿಸುವ ಪೆಪ್ಸಿನ್ ಇದನ್ನು ತುಂಡರಿಸಿದಾಗ ಲ್ಯಾಕ್ಟೋಫೆರಿಸಿನ್ ಅನ್ನುವ ಚಿಕ್ಕ ತುಣುಕು ಹೊರಬರುತ್ತದೆ. ಅದು ಬ್ಯಾಕ್ಟೀರಿಯಾದ ಹೊರಪೊರೆಯನ್ನೇ ಕೆಡಿಸುತ್ತದೆ. ಹಸುವಿಗೆ ಕೆಚ್ಚಲು ಬಾವು ಬಂದಾಗ, ಹಾಲು ಬತ್ತಿಸಿದಾಗ ಲ್ಯಾಕ್ಟೋಫೆರಿನ್ ಜಾಸ್ತಿಯಾಗುತ್ತದೆ. ಅಂದರೆ ಇದು ಮೊದಲು ಕಾಯುವುದು ಹಸುವಿನ ಕೆಚ್ಚಲನ್ನೇ.

ಇನ್ನು ಪ್ರಮಾಣ. ತಾಯಿಯ ಹಾಲಿನಲ್ಲಿ ಲೀಟರಿಗೆ 1ರಿಂದ 2 ಗ್ರಾಂ ಲ್ಯಾಕ್ಟೋಫೆರಿನ್ ಇರುತ್ತದೆ, ಹೆರಿಗೆಯಾದ ಮೊದಲ ದಿನಗಳಲ್ಲಿ ಅದಕ್ಕೂ ಹೆಚ್ಚು. ಹಸುವಿನ ಹಾಲಿನಲ್ಲಿ ಲೀಟರಿಗೆ ಸುಮಾರು 0.1 ಗ್ರಾಂ, ಅಷ್ಟೇ. ಒಂದು ಲೋಟ ಹಸಿ ಹಾಲು ಕುಡಿದು ಮಗುವಿಗೆ ರಕ್ಷಣೆ ಸಿಕ್ಕಿತು ಅಂದುಕೊಳ್ಳುವ ಹಾಗಿಲ್ಲ.

ಎರಡನೆಯದು ಲ್ಯಾಕ್ಟೋಪೆರಾಕ್ಸಿಡೇಸ್. ಕರೆದ ಹಾಲು ತಕ್ಷಣ ಕೆಡದೆ ಎರಡು ಮೂರು ಗಂಟೆ ತಡೆಯುವುದರಲ್ಲಿ ಇದರ ಪಾಲೂ ಇದೆ. ಇದು ಒಂಟಿಯಾಗಿ ಕೆಲಸ ಮಾಡುವುದಿಲ್ಲ. ಥಯೋಸಯನೇಟ್ ಮತ್ತು ಹೈಡ್ರೋಜನ್ ಪೆರಾಕ್ಸೈಡ್ ಅನ್ನುವ ರಾಸಾಯನಿಕಗಳು ಜೊತೆಗಿದ್ದರೆ ಮಾತ್ರ ಬ್ಯಾಕ್ಟೀರಿಯಾಗಳ ಬೆಳವಣಿಗೆ ನಿಲ್ಲಿಸುತ್ತದೆ. ಹಾಲು ತಂಪು ಮಾಡುವ ಸೌಲಭ್ಯ ಇಲ್ಲದ ಕಡೆಗೆಂದು ಆಹಾರದ ಅಂತರರಾಷ್ಟ್ರೀಯ ಮಾನದಂಡ ಮಾಡುವ ಕೋಡೆಕ್ಸ್ ಸಂಸ್ಥೆ 1991ರಲ್ಲಿ ಇದಕ್ಕೊಂದು ಮಾರ್ಗಸೂಚಿ ಕೊಟ್ಟಿತು. ಲೀಟರಿಗೆ 14 ಮಿಲಿಗ್ರಾಂ ಸೋಡಿಯಂ ಥಯೋಸಯನೇಟ್, ಪೆರಾಕ್ಸೈಡ್ ಬಿಡುವ 30 ಮಿಲಿಗ್ರಾಂ ಸೋಡಿಯಂ ಪರ್‌ಕಾರ್ಬನೇಟ್ ಹಾಕಿದರೆ 30 ಡಿಗ್ರಿ ಸೆಕೆಯಲ್ಲೂ ಹಾಲು ಏಳೆಂಟು ಗಂಟೆ ತಡೆಯುತ್ತದೆ. ಇದು ತರಬೇತಾದವರು ಅಳತೆ ನೋಡಿ, ಡೈರಿಗೆ ತಲುಪುವವರೆಗೆ ಮಾತ್ರ ಮಾಡುವ ಕೆಲಸ. ನಮ್ಮ ಹಳ್ಳಿಗಳ ಹಾಲು ಬಿಎಂಸಿಯಲ್ಲಿ, ಅಂದರೆ ಹಾಲು ತಂಪು ಮಾಡುವ ದೊಡ್ಡ ತೊಟ್ಟಿಯಲ್ಲಿ, 4 ಡಿಗ್ರಿಗೆ ತಂಪಾಗುತ್ತದೆ. ಹಾಲಿಗೆ ಪೆರಾಕ್ಸೈಡ್ ಸುರಿಯುವುದು ಇಲ್ಲಿ ಕಲಬೆರಕೆಯೇ, ದಯವಿಟ್ಟು ಯಾರೂ ಪ್ರಯತ್ನ ಮಾಡಬೇಡಿ.

ಈಗ ನನಗೆ ನಿಜವಾಗಿ ಭಯ ಇರುವ ವಿಷಯ: ಕಂದು ರೋಗ. ಬ್ರುಸೆಲ್ಲಾ ಬ್ಯಾಕ್ಟೀರಿಯಾದಿಂದ ಬರುವ ಈ ರೋಗದಲ್ಲಿ ಗಬ್ಬದ ಹಸು ಕಂದು ಹಾಕುತ್ತದೆ, ಅಂದರೆ ಅದಕ್ಕೆ ಗರ್ಭಪಾತವಾಗುತ್ತದೆ. ಎಷ್ಟೋ ಸಲ ಹಸು ನೋಡಲು ಗಟ್ಟಿಮುಟ್ಟಾಗಿಯೇ ಇರುತ್ತದೆ, ಹಾಲಿನಲ್ಲಿ ಮಾತ್ರ ರೋಗಾಣು ಬರುತ್ತಿರುತ್ತದೆ. ಆ ಹಾಲನ್ನು ಹಸಿಯಾಗಿ ಕುಡಿದರೆ ಬಂದು ಹೋಗುವ ಜ್ವರ, ಬೆವರು, ಕೀಲು ನೋವು ತಿಂಗಳುಗಟ್ಟಲೆ ಕಾಡಬಹುದು. ದನದ ಕ್ಷಯವೂ ಹೀಗೇ ಹಾಲಿನಿಂದ ಹರಡುತ್ತದೆ. ಹಾಲಿನಲ್ಲಿರುವ ಆ ಪ್ರೋಟೀನ್‌ಗಳನ್ನು ನಂಬಿ ಇವುಗಳ ಎದುರು ಮಕ್ಕಳನ್ನು ನಿಲ್ಲಿಸಲು ಆಗುವುದಿಲ್ಲ. ಕಾಯಿಸಿದರೆ ಈ ಎರಡೂ ರೋಗಾಣುಗಳು ಸಾಯುತ್ತವೆ.

ಕಾಯಿಸಿದಾಗ ಪ್ರೋಟೀನಿನ ಆಕಾರ ಕೆಡುತ್ತದೆ, ಪೋಷಣೆ ಎಲ್ಲೂ ಹೋಗುವುದಿಲ್ಲ. ಡೈರಿಯಲ್ಲಿ 72 ಡಿಗ್ರಿಯಲ್ಲಿ 15 ಸೆಕೆಂಡ್ ಪಾಶ್ಚರೀಕರಣ ಮಾಡಿದ ಹಾಲಿನಲ್ಲಿ ಇವುಗಳ ಹೆಚ್ಚಿನ ಪಾಲು ಉಳಿದೂ ಇರುತ್ತದೆ.

ಕತ್ತೆ ಹಾಲಿನ ಬಗ್ಗೆಯೂ ಹಲವರು ಕೇಳುತ್ತಾರೆ. ಬೀದಿಯಲ್ಲಿ ಕತ್ತೆ ಹೊಡೆದುಕೊಂಡು ಬಂದು, ಅಲ್ಲೇ ಕರೆದು, ಒಳಲೆಯಲ್ಲಿ ಎಳೆಕೂಸಿಗೆ ಕುಡಿಸುವುದನ್ನು ನಮ್ಮ ಊರುಗಳಲ್ಲಿ ಈಗಲೂ ನೋಡಬಹುದು. ಅದರಲ್ಲಿ ಲೈಸೋಜೈಮ್ ತುಂಬಾ ಇದೆ, ಅದು ಬ್ಯಾಕ್ಟೀರಿಯಾದ ಗೋಡೆ ಒಡೆಯುತ್ತದೆ, ಎಲ್ಲ ಸರಿ. ಆದರೂ ಅದು ಹಸಿ ಹಾಲೇ. ಆರು ತಿಂಗಳ ತನಕ ಕೂಸಿಗೆ ತಾಯಿಯ ಹಾಲು ಬಿಟ್ಟು ಬೇರೆ ಏನೂ ಬೇಡ. ಲೈಸೋಜೈಮ್ ತಾಯಿಯ ಹಾಲಿನಲ್ಲೂ ಧಾರಾಳವಾಗಿದೆ.

ಹಾಗಾದರೆ ಇವುಗಳಿಂದ ಉಪಯೋಗವೇ ಇಲ್ವಾ? ಇದೆ. ಜಪಾನಿನಲ್ಲಿ 1986ರಿಂದಲೇ ಮಕ್ಕಳ ಹಾಲಿನ ಪುಡಿಗೆ ಲ್ಯಾಕ್ಟೋಫೆರಿನ್ ಸೇರಿಸುತ್ತಿದ್ದಾರೆ. ಬಾಯಿ ಒಣಗುವ ತೊಂದರೆ ಇರುವವರ ಕೆಲವು ಟೂತ್‌ಪೇಸ್ಟುಗಳಲ್ಲಿ ಲ್ಯಾಕ್ಟೋಪೆರಾಕ್ಸಿಡೇಸ್ ಇರುತ್ತದೆ. ಔಷಧಿಯಾಗಿ ಮಾತ್ರ ಇನ್ನೂ ಗಟ್ಟಿ ಉತ್ತರ ಸಿಕ್ಕಿಲ್ಲ. ತೀರಾ ಕಡಿಮೆ ತೂಕದ ಕೂಸುಗಳಿಗೆ ಲ್ಯಾಕ್ಟೋಫೆರಿನ್ ಕೊಟ್ಟಾಗ ರಕ್ತದ ನಂಜು ಕಡಿಮೆಯಾಯಿತು ಅಂತ 2009ರಲ್ಲಿ ಇಟಲಿಯಿಂದ ವರದಿ ಬಂತು. 2019ರಲ್ಲಿ ಬ್ರಿಟನ್ನಿನಲ್ಲಿ ಅವಧಿಗೆ ತೀರಾ ಮೊದಲೇ ಹುಟ್ಟಿದ ಎರಡು ಸಾವಿರಕ್ಕೂ ಹೆಚ್ಚು ಕೂಸುಗಳ ಮೇಲೆ ನೋಡಿದಾಗ ಸೋಂಕು ಕಡಿಮೆಯಾಗಲಿಲ್ಲ. ಹಾಗಾಗಿ ದುಬಾರಿ ಕ್ಯಾಪ್ಸೂಲಿಗೆ ಸುಮ್ನೆ ದುಡ್ಡು ಹಾಕಬೇಡಿ.

ನಿಮ್ಮ ಮನೆಯಲ್ಲಿ ಹಸು ಇದೆ ಅಂದಿದ್ದಕ್ಕೆ ಇನ್ನೊಂದು ಮಾತು. ಗಿಣ್ಣಿನ ಹಾಲಿಗೆ ಬೆಲ್ಲ, ಏಲಕ್ಕಿ ಹಾಕಿ ಹಬೆಯಲ್ಲಿಟ್ಟರೆ ಹುಳಿ, ಹೆಪ್ಪು ಏನೂ ಇಲ್ಲದೆ ಗಟ್ಟಿಯಾಗುತ್ತದೆ ಅಲ್ವಾ? ಹಾಗೆ ಗಟ್ಟಿಯಾಗುವುದರಲ್ಲಿ ದೊಡ್ಡ ಪಾಲು ಇಮ್ಯುನೋಗ್ಲೋಬ್ಯುಲಿನ್‌ಗಳದ್ದು, ಅಂದರೆ ಕರುವಿನ ರಕ್ಷಣೆಗೆ ತಾಯಿ ಕೊಡುವ ಪ್ರೋಟೀನ್‌ಗಳದ್ದು. ಮೊದಲ ಹಿಂಡಿನ ಗಿಣ್ಣಿನಲ್ಲಿ ಇವು ಲೀಟರಿಗೆ 50 ಗ್ರಾಂ ದಾಟುತ್ತವೆ. ಕೆಲವೇ ದಿನಗಳಲ್ಲಿ 1 ಗ್ರಾಮಿಗೂ ಕೆಳಗೆ ಇಳಿಯುತ್ತವೆ. ಮನುಷ್ಯರ ಕೂಸಿಗೆ ಹೊಟ್ಟೆಯಲ್ಲಿದ್ದಾಗಲೇ ತಾಯಿಯಿಂದ ಒಂದಿಷ್ಟು ರಕ್ಷಣೆ ಬಂದಿರುತ್ತದೆ. ಕರುವಿಗೆ ಅದೂ ಇಲ್ಲ, ಅದು ಬರಿಗೈಯಲ್ಲಿ ಹುಟ್ಟುತ್ತದೆ. ಈ ಪ್ರೋಟೀನ್‌ಗಳನ್ನು ಇಡಿಯಾಗಿ ರಕ್ತಕ್ಕೆ ಎಳೆದುಕೊಳ್ಳುವ ಶಕ್ತಿ ಅದರ ಕರುಳಿಗೆ ಮೊದಲ ದಿನ ಮಾತ್ರ, ಅದೂ ಗಂಟೆ ಗಂಟೆಗೂ ಕಡಿಮೆಯಾಗುತ್ತದೆ. ಸತ್ತೆ (ಮಾಸು) ಬೀಳಲಿ ಅಂತ ಕಾಯುತ್ತಾ ಕೂರಬೇಡಿ. ಹುಟ್ಟಿದ ಒಂದೆರಡು ಗಂಟೆಯೊಳಗೆ ಕುಡಿಸಲು ಶುರು ಮಾಡಿ. 25 ಕಿಲೋ ಕರುವಿಗೆ ಮೊದಲ ದಿನ ಎರಡೂವರೆ ಲೀಟರ್ ಆದರೂ ಹೋಗಬೇಕು. ಕರುವಿಗೆ ಕಾಯಿಸದ ಗಿಣ್ಣು, ಮನೆಯವರಿಗೆ ಮಿಕ್ಕಿದ್ದು.